‘ಇದು ಗಂಡಮ್ ಅಲ್ಲ’: ನಲವತ್ತಾರು ವರ್ಷಗಳ ವಾಗ್ವಾದದ ಬೇರುಗಳು

2025ರ ಜನವರಿ 17ರಂದು ಜಪಾನಿನ ಚಿತ್ರಮಂದಿರಗಳಲ್ಲಿ, ಆಗಿನ್ನೂ ದೂರದರ್ಶನಕ್ಕೆ ಬರಬೇಕಿದ್ದ ‘ಗಂಡಮ್ ಜೀಕ್ವಾಕ್ಸ್’ ಸರಣಿಯ ಪೀಠಿಕೆಯಂತಿದ್ದ ಒಂದು ಚಲನಚಿತ್ರ ತೆರೆಕಂಡಿತು. ಗಂಡಮ್ ಎಂದರೆ ಮನುಷ್ಯರು ಒಳಗೆ ಕುಳಿತು ನಡೆಸುವ ದೈತ್ಯ ಯುದ್ಧಯಂತ್ರಗಳ ಸುತ್ತ ಹೆಣೆದ ಜಪಾನಿ ಅನಿಮೇಷನ್ ಕೃತಿಮಾಲೆ; ಅದರ ಮುಖ್ಯ ಯಂತ್ರದ ಹೆಸರೂ ಅದೇ. ಅದರ ಆರಂಭದಲ್ಲಿ ಪ್ರೇಕ್ಷಕರಿಗೆ ಕಾಣಿಸಿದ್ದು 1979ರ ಮೂಲ ಸರಣಿಯದೇ ಸನ್ನಿವೇಶ. ಹಿನ್ನೆಲೆ ಸಂಗೀತವೂ ಬಹುಮಟ್ಟಿಗೆ ಹಳೆಯದೇ. ಆದರೆ ಮೂಲದಲ್ಲಿ ಅಮುರೊ ರೇ ಎಂಬ ಹದಿನೈದರ ಹುಡುಗ ಏರಿ ಕುಳಿತ ಆ ಬಿಳಿಯ ಯಂತ್ರವನ್ನು ಇಲ್ಲಿ ಅವನ ಎದುರಾಳಿ ಶಾರ್ ಅಜ್ನಬಲ್ ವಶಪಡಿಸಿಕೊಂಡುಬಿಡುತ್ತಾನೆ. ಈ ಒಂದು ತಿರುವಿನಿಂದಾಗಿ, ಯುದ್ಧದಲ್ಲಿ ಸೋಲಬೇಕಿದ್ದ, ಶಾರ್‌ನ ಪಕ್ಷವಾದ ಜಿಯಾನ್ ಸಂಸ್ಥಾನ ಗೆದ್ದುಬಿಡುತ್ತದೆ. ಕೆಲವು ಹಳೆಯ ಅಭಿಮಾನಿಗಳಿಗೆ ಇದು ಕಣ್ಣು ತುಂಬಿಬರುವಂಥ ಗೌರವಾರ್ಪಣೆಯಾಗಿ ಕಂಡರೆ, ಇನ್ನು ಕೆಲವರಿಗೆ ಮೂಲದ ಮೇಲಿನ ಅತಿಕ್ರಮಣವಾಗಿ ಕಂಡಿತು. ಹೊಸಬರಿಗೆ ಮಾತ್ರ, ಕಾಲ್ಪನಿಕ ಯುದ್ಧವೊಂದರ ಫಲಿತಾಂಶ ಬದಲಾದರೆ ಇಷ್ಟೊಂದು ಗಲಾಟೆ ಏಕೆ ಎಂಬುದೇ ಅರ್ಥವಾಗಲಿಲ್ಲ.

ಗಂಡಮ್ ಅಭಿಮಾನಿಗಳ ವಾದಗಳನ್ನು ಹೊರಗಿನಿಂದ ನೋಡುವವರು ಅದನ್ನು ಬಿಡುವಾಗಿರುವವರ ಹಟಮಾರಿತನವೆಂದು ತಳ್ಳಿಹಾಕುವುದು ಸುಲಭ. ನನಗೆ ತೋರುವ ಮಟ್ಟಿಗೆ ದೋಷ ಅಭಿಮಾನಿಗಳದಲ್ಲ. ಯಾವುದು ಅಧಿಕೃತ, ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯನ್ನು ಈ ಕೃತಿಮಾಲೆ ತನ್ನ ಮೊದಲ ವರ್ಷದಿಂದಲೂ ಇತ್ಯರ್ಥ ಮಾಡದೆಯೇ ಬೆಳೆದುಬಂದಿದೆ, ಮತ್ತು ಅಭಿಮಾನಿಗಳ ನಡುವಿನ ಹೆಚ್ಚುಕಡಿಮೆ ಎಲ್ಲ ವ್ಯಾಜ್ಯಗಳೂ ಆ ಒಂದು ಖಾಲಿ ಪೀಠದ ಸುತ್ತಲೇ ನಡೆಯುತ್ತವೆ.

ಮೂಲ ಸರಣಿ ‘ಮೊಬೈಲ್ ಸೂಟ್ ಗಂಡಮ್’ 1979ರ ಏಪ್ರಿಲ್ 7ರಂದು ನಗೋಯಾ ಟಿವಿಯಲ್ಲಿ ಆರಂಭವಾಯಿತು. ಸನ್‌ರೈಸ್ ಸ್ಟುಡಿಯೊ ನಿರ್ಮಿಸಿದ ಅದನ್ನು ನಿರ್ದೇಶಿಸಿದವರು ಯೊಶಿಯುಕಿ ತೊಮಿನೊ. ಪಾತ್ರಗಳನ್ನು ರೂಪಿಸಿದವರು ಯೊಶಿಕಾಜು ಯಾಸುಹಿಕೊ. ಯಂತ್ರಗಳನ್ನು ರೂಪಿಸಿದವರು ಕುನಿಯೊ ಓಕಾವರ. ಹಣ ಹಾಕಿದ್ದು ಮಾತ್ರ ಕ್ಲೋವರ್ ಎಂಬ ಆಟಿಕೆ ಕಂಪನಿ. ಆ ಕಾಲದ ರೋಬೋ ಸರಣಿಗಳ ವ್ಯವಸ್ಥೆಯೇ ಹಾಗಿತ್ತು: 1972ರ ಮಾಜಿಂಗರ್‌ನಿಂದ ಮೊದಲ್ಗೊಂಡು, ವಾರಕ್ಕೊಂದು ರಾಕ್ಷಸಯಂತ್ರವನ್ನು ಕೆಡವುವ ನಾಯಕಯಂತ್ರ, ಅದರ ಲೋಹದ ಆಟಿಕೆ, ಅದನ್ನು ಕೇಳಿ ಅಳುವ ಪ್ರಾಥಮಿಕ ಶಾಲೆಯ ಮಗು. ತೊಮಿನೊ ಈ ಚೌಕಟ್ಟಿನೊಳಗೆ ತಂದಿಟ್ಟದ್ದು ಒಂದು ಯುದ್ಧವನ್ನು. ಕಥೆ ಆರಂಭವಾಗುವ ಹೊತ್ತಿಗಾಗಲೇ ಯುದ್ಧ ಶುರುವಾಗಿ ತಿಂಗಳುಗಳು ಕಳೆದಿವೆ, ಮನುಕುಲದ ಅರ್ಧದಷ್ಟು ಜನ ಸತ್ತಿದ್ದಾರೆ ಎಂದು ನಿರೂಪಕನ ದನಿ ತಣ್ಣಗೆ ಹೇಳುತ್ತದೆ. ರೋಬೋ ಇಲ್ಲಿ ಲೋಕರಕ್ಷಕ ದೇವತೆಯಲ್ಲ, ಟ್ಯಾಂಕಿನಂತೆ ಸೇನೆಯ ಒಂದು ಸಾಮಗ್ರಿ. ಅದಕ್ಕೆ ಇಂಧನ ಬೇಕು, ಬಿಡಿಭಾಗ ಬೇಕು, ಶತ್ರುವಿನ ಬಳಿಯೂ ಅಂಥವು ನೂರಾರು ಇರುತ್ತವೆ. ನಾಯಕ ಒಂದು ಹಂತದಲ್ಲಿ ಯುದ್ಧ ಸಾಕಾಗಿ ಯಂತ್ರದ ಸಮೇತ ಓಡಿಹೋಗುತ್ತಾನೆ. ನೋಡಬೇಕಿದ್ದ ಚಿಕ್ಕ ಮಕ್ಕಳು ನೋಡಲಿಲ್ಲ. ನೋಡಿದ ಪ್ರೌಢಶಾಲೆ, ಕಾಲೇಜು ವಿದ್ಯಾರ್ಥಿಗಳು ಆಟಿಕೆ ಕೊಳ್ಳುವವರಲ್ಲ. ಐವತ್ತೆರಡು ಕಂತುಗಳೆಂದು ಯೋಜಿಸಿದ್ದ ಸರಣಿಯನ್ನು 1980ರ ಜನವರಿಯಲ್ಲಿ 43ಕ್ಕೇ ಮುಗಿಸಬೇಕಾಯಿತು.

ನಡುವೆ ಆಟಿಕೆ ಕಂಪನಿಯ ಒತ್ತಾಯಕ್ಕೆ ಕಥೆಯೊಳಗೆ ಜಿ-ಆರ್ಮರ್ ಎಂಬ ವಾಹನವೊಂದು ಸೇರಿಕೊಂಡಿತ್ತು. ಅದನ್ನು ಬಿಡಿಸಿ ಜೋಡಿಸಿ ಹತ್ತಾರು ರೂಪ ಕೊಡಬಹುದಿತ್ತು. ಆಟಿಕೆಯಾಗಿ ಚೆನ್ನ, ಯುದ್ಧಕಥೆಯಲ್ಲಿ ಅಭಾಸ. 1981 ಮತ್ತು 1982ರಲ್ಲಿ ಸರಣಿಯನ್ನು ಮೂರು ಚಲನಚಿತ್ರಗಳಾಗಿ ಮರುಸಂಕಲಿಸಿದಾಗ ತೊಮಿನೊ ಮಾಡಿದ ಬದಲಾವಣೆಗಳಲ್ಲಿ ಒಂದು ಇದನ್ನು ಕಿತ್ತುಹಾಕಿ, ಆ ಜಾಗದಲ್ಲಿ ಕೋರ್ ಬೂಸ್ಟರ್ ಎಂಬ ಗಂಭೀರ ಯುದ್ಧವಿಮಾನವನ್ನು ಇಟ್ಟದ್ದು. ಗಂಡಮ್‌ನ ಮೊದಲ ‘ಅಧಿಕೃತ’ ವಿವಾದ ಇಲ್ಲಿ ಹುಟ್ಟಿತು. ಅದೇ ನಿರ್ದೇಶಕ, ಅದೇ ಕಥೆ, ಆದರೆ ದೂರದರ್ಶನದಲ್ಲಿ ಹಾರಿದ ಯಂತ್ರ ಚಲನಚಿತ್ರದಲ್ಲಿ ಇರಲೇ ಇಲ್ಲ. ಇವೆರಡರಲ್ಲಿ ನಡೆದದ್ದು ಯಾವುದು? ಸಾಲದ್ದಕ್ಕೆ ಸರಣಿ ನಡೆಯುತ್ತಿದ್ದಾಗಲೇ ತೊಮಿನೊ ಬರೆಯತೊಡಗಿದ ಕಾದಂಬರಿ ರೂಪದಲ್ಲಿ ಅಮುರೊ ಸತ್ತೇಹೋಗುತ್ತಾನೆ, ಆದರೆ ತೆರೆಯ ಮೇಲಿನ ಅಮುರೊ ಮುಂದಿನ ಸರಣಿಗಳಲ್ಲಿ ಜೀವಂತವಾಗಿ ಓಡಾಡುತ್ತಾನೆ. ಹದಿನೈದನೆಯ ಕಂತಿನ ಕಥೆ ಇನ್ನೂ ವಿಚಿತ್ರ: ತೊಮಿನೊ ಅವರ ಇಚ್ಛೆಯ ಮೇರೆಗೆ ಅಮೆರಿಕದ ಆವೃತ್ತಿಯಿಂದ ಅದನ್ನು ಕೈಬಿಡಲಾಗಿತ್ತು, ಯಾಸುಹಿಕೊ ಅದೇ ಕಂತನ್ನು ಎತ್ತಿಕೊಂಡು 2022ರಲ್ಲಿ ಪೂರ್ಣಪ್ರಮಾಣದ ಚಲನಚಿತ್ರವನ್ನಾಗಿ ಮಾಡಿದರು.

ಕರ್ತೃ ಯಾರೆಂಬುದೂ ಇಲ್ಲಿ ಸರಳವಾಗಿಲ್ಲ. ಗಂಡಮ್‌ನ ಶೀರ್ಷಿಕೆಗಳಲ್ಲಿ ಮೂಲಕಥೆಯ ಗೌರವ ತೊಮಿನೊ ಜೊತೆಗೆ ಹಾಜಿಮೆ ಯಾತಾತೆ ಎಂಬ ಇನ್ನೊಂದು ಹೆಸರಿಗೂ ಸಲ್ಲುತ್ತದೆ. ಅಂಥ ವ್ಯಕ್ತಿಯೇ ಇಲ್ಲ. ಅದು ಸನ್‌ರೈಸ್ ಸಂಸ್ಥೆ ತನ್ನ ಸಿಬ್ಬಂದಿಯ ಸಾಮೂಹಿಕ ಕೊಡುಗೆಗೆ ಇಟ್ಟುಕೊಂಡ ಕಾವ್ಯನಾಮ. ತೊಮಿನೊ ಹೇಳಿದ್ದೇ ಕೊನೆಯ ಮಾತು ಎಂದು ವಾದಿಸುವ ಅಭಿಮಾನಿಗೆ, ತೆರೆಯ ಮೇಲಿನ ಹೆಸರುಗಳೇ ಅರ್ಧ ಉತ್ತರ ಕೊಟ್ಟುಬಿಡುತ್ತವೆ.

ಇಷ್ಟರಲ್ಲಿ, ಕ್ಲೋವರ್ ಕಂಪನಿಯ ಆಟಿಕೆಗಳು ಮಾಡಲಾಗದ ಕೆಲಸವನ್ನು ಬಂದಾಯ್ ಕಂಪನಿಯ ಪ್ಲಾಸ್ಟಿಕ್ ಮಾಡೆಲ್‌ಗಳು ಮಾಡಿದ್ದವು. 1980ರ ಜುಲೈನಲ್ಲಿ, ಅಂದರೆ ಸರಣಿ ಮುಗಿದು ಆರು ತಿಂಗಳಾದ ಮೇಲೆ, 1/144 ಅಳತೆಯ ಗಂಡಮ್ 300 ಯೆನ್ ಬೆಲೆಗೆ ಮಾರುಕಟ್ಟೆಗೆ ಬಂತು. ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಕಟ್ಟಬೇಕಾದ ಈ ಮಾಡೆಲ್‌ಗಳಿಗೆ ಇಂದು ಗನ್‌ಪ್ಲಾ ಎಂಬ ಹೆಸರೇ ರೂಢಿ. ಹಿಟ್ಲರನ ಕಾಲದ ಟ್ಯಾಂಕುಗಳನ್ನೂ ಪೆಸಿಫಿಕ್ ಯುದ್ಧದ ವಿಮಾನಗಳನ್ನೂ ಕಟ್ಟಿ ಅಭ್ಯಾಸವಿದ್ದ ಹುಡುಗರು ಜಾಕು ಎಂಬ ಶತ್ರುಯಂತ್ರವನ್ನೂ ಅದೇ ಶ್ರದ್ಧೆಯಿಂದ, ತುಕ್ಕು, ಮಸಿ, ಗುಂಡಿನ ಗುರುತುಗಳ ಸಮೇತ ಕಟ್ಟತೊಡಗಿದರು. ಟ್ಯಾಂಕಿನ ಮಾಡೆಲ್‌ಗೆ ಒಂದು ಇತಿಹಾಸವಿರುತ್ತದೆ: ಯಾವ ಕಾರ್ಖಾನೆ, ಯಾವ ರಣರಂಗ, ಯಾವ ತುಕಡಿ. ಜಾಕುವಿಗೂ ಅದು ಬೇಕಾಯಿತು; ದೂರದರ್ಶನದ ಕಥೆಯಲ್ಲಿ ಅಷ್ಟೆಲ್ಲ ವಿವರ ಇರಲಿಲ್ಲವಾದ್ದರಿಂದ ಅದನ್ನು ಯಾರಾದರೂ ಬರೆಯಬೇಕಾಯಿತು.

ಬರೆದವರು ಬಹುಪಾಲು ಅಭಿಮಾನದಿಂದಲೇ ಬಂದವರು. 1981ರಲ್ಲಿ ‘ಔಟ್’ ಎಂಬ ಮಾಸಪತ್ರಿಕೆಯ ವಿಶೇಷ ಸಂಚಿಕೆಯಾಗಿ ಹೊರಬಂದ ‘ಗಂಡಮ್ ಸೆಂಚುರಿ’ ಇದಕ್ಕೆ ಮುಖ್ಯ ಉದಾಹರಣೆ. ಬಾಹ್ಯಾಕಾಶದಲ್ಲಿ ಹೋರಾಡುವ ಯಂತ್ರಕ್ಕೆ ಕೈಕಾಲು ಏಕೆ ಬೇಕು ಎಂಬುದು ವಿಜ್ಞಾನ ಓದಿದ ಯಾರೂ ಕೇಳುವ ಪ್ರಶ್ನೆ. ಅದಕ್ಕೆ ಆ ಸಂಚಿಕೆ ಕೊಟ್ಟ ಉತ್ತರ ಆಂಬ್ಯಾಕ್ ಎಂಬ ತತ್ತ್ವ. ತೂಕವಿಲ್ಲದ ನಿರ್ವಾತದಲ್ಲಿ ಭಾರವಾದ ಕೈಯನ್ನೋ ಕಾಲನ್ನೋ ಒಂದು ದಿಕ್ಕಿಗೆ ಬೀಸಿದರೆ ಉಳಿದ ದೇಹ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಕೋನೀಯ ಸಂವೇಗದ ಸಂರಕ್ಷಣೆಯ ಈ ನಿಯಮವನ್ನು ಬಳಸಿಕೊಂಡರೆ ಇಂಧನ ಸುಡದೆಯೇ ಯಂತ್ರ ತನ್ನ ಮುಖವನ್ನು ಬೇಕಾದ ಕಡೆಗೆ ತಿರುಗಿಸಬಹುದು, ಆದ್ದರಿಂದ ಅವಯವಗಳು ಅಲಂಕಾರವಲ್ಲ ಎಂಬುದು ಅದರ ತಾತ್ಪರ್ಯ. ಮೂಲ ಸರಣಿಯಲ್ಲಿ ಈ ಮಾತೇ ಬರುವುದಿಲ್ಲ. ಇಂದು ಅದು ಗಂಡಮ್ ಜಗತ್ತಿನ ಒಪ್ಪಿತ ವಿಜ್ಞಾನ. ಮಿನೊವ್‌ಸ್ಕಿ ಕಣಗಳ ವಿಷಯ ಸ್ವಲ್ಪ ಬೇರೆ. ಈ ಕಲ್ಪಿತ ಕಣಗಳನ್ನು ಹರಡಿದ ಪ್ರದೇಶದಲ್ಲಿ ರೇಡಾರ್ ಕುರುಡಾಗುತ್ತದೆ, ರೇಡಿಯೊ ಕೆಡುತ್ತದೆ, ಗುರಿ ಹುಡುಕಿಕೊಂಡು ಹೋಗುವ ಕ್ಷಿಪಣಿಗಳು ದಾರಿ ತಪ್ಪುತ್ತವೆ. ಹಾಗಾಗಿ ಭವಿಷ್ಯದ ಯುದ್ಧವೂ ಕಣ್ಣಳತೆಯ ದೂರಕ್ಕೆ ಇಳಿಯುತ್ತದೆ ಮತ್ತು ಮನುಷ್ಯಾಕಾರದ ಯಂತ್ರಗಳ ಕೈಕೈ ಕಾಳಗಕ್ಕೆ ಒಂದು ನೆಪ ಸಿಗುತ್ತದೆ. ಇದು ಮೂಲ ಸರಣಿಯಲ್ಲೇ ಇತ್ತಾದರೂ ಅದಕ್ಕೊಂದು ಸಂಪೂರ್ಣ ‘ಭೌತಶಾಸ್ತ್ರ’ವನ್ನು ಕಟ್ಟಿದ್ದು ಇಂಥ ಬರವಣಿಗೆಯೇ.

ಮುಂದೆ 1983ರಲ್ಲಿ ಬಂದಾಯ್ ‘ಮೊಬೈಲ್ ಸೂಟ್ ವೇರಿಯೇಷನ್ಸ್’ ಎಂಬ ಮಾಡೆಲ್ ಶ್ರೇಣಿಯನ್ನು ಹೊರತಂದಾಗ ಕ್ರಮ ತಲೆಕೆಳಗಾಯಿತು. ಮೂಲ ಸರಣಿಯಲ್ಲಿ ಎಲ್ಲೂ ಕಾಣಿಸದ ಯಂತ್ರಗಳ ಮಾಡೆಲ್‌ಗಳು ಮೊದಲು ಬಂದವು, ಅವುಗಳ ಚರಿತ್ರೆ ಆಮೇಲೆ. ಕಡುಗೆಂಪು ಯಂತ್ರವನ್ನು ನಡೆಸುವ ಜಾನಿ ರಿಡನ್ ಎಂಬ ಜಿಯಾನ್ ಯೋಧ ಹುಟ್ಟಿದ್ದು ಹೀಗೆ. ದೂರದರ್ಶನದ ಒಂದು ಕಂತಿನಲ್ಲೂ ಹೆಜ್ಜೆಯಿಡದ ಈತನಿಗೆ ಕೆಲವು ಕಥಾಪಾತ್ರಗಳಿಗಿಂತ ಹೆಚ್ಚು ಅಭಿಮಾನಿಗಳಿದ್ದಾರೆ. ಅದೇ 1983ರಲ್ಲಿ ಕ್ಲೋವರ್ ದಿವಾಳಿಯಾಯಿತು ಎಂಬುದನ್ನು ಇಲ್ಲಿ ಸುಮ್ಮನೆ ಹೇಳಿಟ್ಟಿರುತ್ತೇನೆ.

ತೆರೆಯ ಮೇಲೆ ಚಲಿಸಿದ್ದಷ್ಟೇ ಅಧಿಕೃತ, ಮುದ್ರಣದಲ್ಲಿ ಬಂದದ್ದು ಐಚ್ಛಿಕ ಎಂಬ ಸೂತ್ರವನ್ನು ಅಭಿಮಾನಿಗಳಲ್ಲಿ ಬಹಳಷ್ಟು ಮಂದಿ ಇಂದಿಗೂ ಹಿಡಿದಿದ್ದಾರೆ. ಕೇಳಲು ಚೊಕ್ಕವಾಗಿದೆ. ಆದರೆ ಈ ಸೂತ್ರದ ಪ್ರಕಾರ ಜಿ-ಆರ್ಮರ್ ಮತ್ತು ಕೋರ್ ಬೂಸ್ಟರ್ ಎರಡೂ ಅಧಿಕೃತ, ಜಾನಿ ರಿಡನ್ ಅನಧಿಕೃತ. 2005ರಿಂದ 2006ರವರೆಗೆ ಬಂದ ಜೀಟಾ ಗಂಡಮ್ ಚಲನಚಿತ್ರಗಳು ಈ ಸೂತ್ರಕ್ಕೆ ಇನ್ನೂ ದೊಡ್ಡ ಪೆಟ್ಟು ಕೊಟ್ಟವು. 1985ರ ಜೀಟಾ ಸರಣಿಯ ಕೊನೆಯಲ್ಲಿ ನಾಯಕ ಕಮೀಯು ಬುದ್ಧಿ ಕಳೆದುಕೊಳ್ಳುತ್ತಾನೆ. 1986ರ ಡಬಲ್ ಜೀಟಾ ಸರಣಿ ಆ ಸ್ಥಿತಿಯಿಂದಲೇ ಆರಂಭವಾಗುತ್ತದೆ. ಇಪ್ಪತ್ತು ವರ್ಷಗಳ ಬಳಿಕ ತೊಮಿನೊ ಅದೇ ಕಥೆಯನ್ನು ಮತ್ತೆ ಸಂಕಲಿಸಿ, ಕಮೀಯು ಸ್ವಸ್ಥನಾಗಿ ಉಳಿಯುವಂತೆ ಮಾಡಿದರು. ಹಾಗಾದರೆ ಡಬಲ್ ಜೀಟಾದ ಆರಂಭಕ್ಕೆ ಆಧಾರವೇನು? ಎರಡೂ ತೆರೆಯ ಮೇಲಿವೆ, ಎರಡೂ ಒಬ್ಬರದೇ ಕೈಯವು.

ಈ ಮೂಲ ಕಾಲಗಣನೆಯ ಹೆಸರು ಯೂನಿವರ್ಸಲ್ ಸೆಂಚುರಿ. ಅಭಿಮಾನಿಗಳ ಬಾಯಲ್ಲಿ ಯೂಸಿ. ಮೂಲ ಸರಣಿಯ ‘ಒಂದು ವರ್ಷದ ಯುದ್ಧ’ ನಡೆಯುವುದು ಯೂಸಿ 0079ರಲ್ಲಿ. ಒಂದೇ ವರ್ಷದ ಈ ಯುದ್ಧದೊಳಗೆ ತುರುಕಿರುವ ಉಪಕಥೆಗಳ ಸಂಖ್ಯೆ ನೋಡಿದರೆ ಆ ವರ್ಷಕ್ಕೆ ಎಷ್ಟು ತಿಂಗಳುಗಳಿದ್ದವೋ ಎನಿಸುತ್ತದೆ. ಮೂಲದಲ್ಲಿ ಗಂಡಮ್ ಒಂದು ಅಪೂರ್ವ ಪ್ರಯೋಗಯಂತ್ರ. 1996ರಲ್ಲಿ ಆರಂಭವಾದ ‘08ನೇ ತಂಡ’ದ ಕಥೆಯಲ್ಲಿ, ಅದೇ ಯುದ್ಧದ ಆಗ್ನೇಯ ಏಷ್ಯಾದ ಕಾಡುಗಳಲ್ಲಿ, ಉಳಿಕೆ ಭಾಗಗಳಿಂದ ಜೋಡಿಸಿದ ಗಂಡಮ್‌ಗಳು ಒಂದು ತುಕಡಿಯಲ್ಲೇ ಮೂರಿವೆ. 1989ರ ಇನ್ನೊಂದು ಕಥೆ ‘ವಾರ್ ಇನ್ ದ ಪಾಕೆಟ್’, ಅಮುರೊಗೆಂದೇ ಕಟ್ಟಿದ್ದ ಹೊಸ ಗಂಡಮ್ ಅವನನ್ನು ತಲುಪುವ ಮುನ್ನವೇ ಹಾಳಾದುದನ್ನು ಹೇಳುತ್ತದೆ. ಅದು ಆರೇ ಕಂತುಗಳ ಅತ್ಯುತ್ತಮ ಕೆಲಸ. ಯುದ್ಧವನ್ನು ಒಬ್ಬ ಸಣ್ಣ ಹುಡುಗನ ಕಣ್ಣಿಂದ ನೋಡುವ ಅದರ ಮುಂದೆ ವಿವರಗಳ ಈ ಲೆಕ್ಕಾಚಾರವೆಲ್ಲ ಕ್ಷುಲ್ಲಕವಾಗಿ ಕಾಣುತ್ತದೆ. 0083ನೇ ಇಸವಿಯ ಕಥೆಯ ಬರಹಗಾರರು ಇನ್ನೂ ಚಾಲಾಕಿಗಳು: ತಾವು ಸೃಷ್ಟಿಸಿದ ಮಹಾಶಕ್ತಿಯ ಗಂಡಮ್‌ಗಳ ಬಗ್ಗೆ ಮುಂದಿನ ಸರಣಿಗಳಲ್ಲಿ ಯಾರೂ ಚಕಾರವೆತ್ತದಿರುವುದಕ್ಕೆ ಕಾರಣ ಕೊಡಲು, ಸರ್ಕಾರ ಆ ಯೋಜನೆಯ ದಾಖಲೆಗಳನ್ನೆಲ್ಲ ಅಳಿಸಿಹಾಕಿತೆಂದು ಕಥೆಯೊಳಗೇ ಹೇಳಿಬಿಟ್ಟರು. ಇದನ್ನು ಜಾಣ್ಮೆಯೆನ್ನುವವರೂ ಇದ್ದಾರೆ, ವಂಚನೆಯೆನ್ನುವವರೂ ಇದ್ದಾರೆ.

ವಿವರಗಳ ಜಗಳಕ್ಕಿಂತ ಹೆಚ್ಚು ತೂಕದ್ದು ಜಿಯಾನ್ ಕುರಿತ ಜಗಳ. ಭೂಮಿಯ ಜನಸಂಖ್ಯೆ ಮಿತಿಮೀರಿದಾಗ ಬಡವರನ್ನೂ ಬೇಡವಾದವರನ್ನೂ ಬಾಹ್ಯಾಕಾಶದ ಬೃಹತ್ ಸಿಲಿಂಡರ್ ವಸಾಹತುಗಳಿಗೆ ಸಾಗಿಸಿ, ಆಳುವ ಹಕ್ಕನ್ನು ಮಾತ್ರ ಭೂಮಿಯ ಒಕ್ಕೂಟ ತನ್ನಲ್ಲೇ ಇಟ್ಟುಕೊಂಡಿದೆ. ವಸಾಹತುಗಳ ಸ್ವಾತಂತ್ರ್ಯದ ಕೂಗನ್ನು ಮೊದಲು ಎತ್ತಿದವನು ಜಿಯಾನ್ ದೈಕುನ್ ಎಂಬ ಚಿಂತಕ. ಅವನ ಮರಣಾನಂತರ ಅಧಿಕಾರ ಹಿಡಿದ ಜಾಬಿ ವಂಶ ಆ ಕೂಗನ್ನೇ ತಮ್ಮ ಸರ್ವಾಧಿಕಾರಕ್ಕೆ ಧ್ವಜ ಮಾಡಿಕೊಂಡು, ತನ್ನೊಡನೆ ನಿಲ್ಲದ ವಸಾಹತುಗಳ ಜನರನ್ನು ವಿಷಾನಿಲದಿಂದ ಕೊಂದು, ಒಂದು ವಸಾಹತನ್ನೇ ಭೂಮಿಯ ಮೇಲೆ ಬೀಳಿಸಿ ಸಿಡ್ನಿ ನಗರವನ್ನು ಅಳಿಸಿಹಾಕುತ್ತದೆ. ಸಮವಸ್ತ್ರ, ವಂದನೆ, ಘೋಷಣೆ ಎಲ್ಲವೂ ನಾಜಿ ಜರ್ಮನಿಯನ್ನು ನೆನಪಿಸುತ್ತವೆ. ವಂಶದ ಹಿರಿಯ ದೆಗಿನ್ ತನ್ನ ಮಗ ಗಿರೆನ್‌ನನ್ನು ಹಿಟ್ಲರನ ಹಿಂಬಾಲಕನೆಂದು ಮುಖಕ್ಕೇ ಹೇಳುವಲ್ಲಿಗೆ ಸಂದೇಹಕ್ಕೆ ಎಡೆಯೇ ಉಳಿಯುವುದಿಲ್ಲ.

ಇಷ್ಟಾದರೂ ಜಿಯಾನ್ ಪಕ್ಷಪಾತಿಗಳ ಸಂಖ್ಯೆ ದೊಡ್ಡದು. ಅವರ ವಾದ ಹೀಗಿದೆ: ವಸಾಹತುಗಳ ದೂರು ನ್ಯಾಯವಾದದ್ದು, ಒಕ್ಕೂಟ ಭ್ರಷ್ಟ, ಜೀಟಾ ಸರಣಿಯಲ್ಲಿ ಒಕ್ಕೂಟದ್ದೇ ಟೈಟನ್ಸ್ ಪಡೆ ಪ್ರತಿಭಟಿಸಿದ ವಸಾಹತೊಂದಕ್ಕೆ ವಿಷಾನಿಲ ತುಂಬಿ ಒಂದೂವರೆ ಕೋಟಿ ಜನರನ್ನು ಕೊಂದದ್ದು ಬಯಲಾಗುತ್ತದೆ, ಹಾಗಿರುವಾಗ ಖಳರು ಯಾರು? ಈ ಮಾತಿನ ಮೊದಲರ್ಧ ಕಥೆಯಲ್ಲೇ ಇದೆ. ಸರಣಿ ಜಿಯಾನ್ ಸೈನಿಕರನ್ನು ಹೆಂಡತಿಯುಳ್ಳವರು, ಗೆಳೆಯರುಳ್ಳವರು, ತಮ್ಮ ಕಾರಣವನ್ನು ನಂಬಿದವರು ಎಂದು ತೋರಿಸುತ್ತದೆ. ರಂಬಾ ರಾಲ್ ಎಂಬ ಮಧ್ಯವಯಸ್ಸಿನ ಅಧಿಕಾರಿ ಸಾಯುವಾಗ ಅಮುರೊನಂತೆ ನಮಗೂ ಗೆದ್ದೆವೆಂದು ಅನಿಸುವುದಿಲ್ಲ. ಆದರೆ ಒಬ್ಬೊಬ್ಬ ಸೈನಿಕನ ಘನತೆಯನ್ನು ಅವನು ದುಡಿದ ಪ್ರಭುತ್ವದ ಖಾತೆಗೆ ಜಮಾ ಮಾಡುವುದು ಓದಿನ ದೋಷವೆಂದೇ ನನ್ನ ಅಭಿಪ್ರಾಯ. ಅದರಲ್ಲಿ ಅಭಿಮಾನಿಗಳ ಪಾಲಿನಷ್ಟೇ ಮಾಡೆಲ್ ಉದ್ಯಮದ ಪಾಲೂ ಇದೆ: ಜಿಯಾನ್ ಯಂತ್ರಗಳು ಹೆಚ್ಚು ವೈವಿಧ್ಯದವು, ಹೆಚ್ಚು ಚೆಂದದವು, ಹೆಚ್ಚು ಮಾರಾಟವಾಗಬಲ್ಲವು, ಆದ್ದರಿಂದ ಅವುಗಳ ಶೌರ್ಯಗಾಥೆಗಳೇ ಹೆಚ್ಚು ಬರೆಯಲ್ಪಟ್ಟವು. 0083ರ ಕಥೆ ಈ ದಾರಿಯಲ್ಲಿ ಬಹುದೂರ ಹೋಯಿತು. ಅಣ್ವಸ್ತ್ರ ಹಾರಿಸಿ ಇನ್ನೊಂದು ವಸಾಹತನ್ನು ಭೂಮಿಗೆ ಕೆಡವುವ ಸಂಚಿನ ಗಾಟೋ ಎಂಬವನನ್ನು ಅದು ಹೆಚ್ಚುಕಡಿಮೆ ದುರಂತವೀರನನ್ನಾಗಿ ಮಾಡಿಬಿಟ್ಟಿತು.

ಶಾರ್ ಅಜ್ನಬಲ್‌ನದು ಇದೇ ಜಗಳದ ಉಪಪ್ರಕರಣ. ಜಿಯಾನ್ ದೈಕುನ್‌ನ ಮಗನಾದ ಈತ ಮುಖವಾಡ ತೊಟ್ಟು, ಹೆಸರು ಬದಲಿಸಿ, ಜಾಬಿ ವಂಶದ ಮೇಲೆ ಒಳಗಿನಿಂದಲೇ ಸೇಡು ತೀರಿಸಿಕೊಳ್ಳುತ್ತಾನೆ. ಜೀಟಾದಲ್ಲಿ ಟೈಟನ್ಸ್ ವಿರುದ್ಧ ಹೋರಾಡುತ್ತಾನೆ. 1988ರ ಚಲನಚಿತ್ರದಲ್ಲಿ ಭೂಮಿಯ ಮೇಲೆ ಕ್ಷುದ್ರಗ್ರಹವನ್ನೇ ಬೀಳಿಸಲು ಹೊರಡುತ್ತಾನೆ. ಅದೇ ಚಿತ್ರದಲ್ಲಿ, ಸಾಯುವ ಗಳಿಗೆಯಲ್ಲೂ ಅವನೂ ಅಮುರೊನೂ ಕಚ್ಚಾಡುವುದು ಹದಿನಾಲ್ಕು ವರ್ಷಗಳ ಹಿಂದೆ ಇಬ್ಬರೂ ಕಳೆದುಕೊಂಡ ಲಾಲಾ ಸೂನ್ ಎಂಬ ಹುಡುಗಿಯ ಬಗ್ಗೆ. ಕಂದುಮೈಯ, ಹಣೆಗೆ ಬೊಟ್ಟಿಟ್ಟ ಲಾಲಾಳನ್ನು ಭಾರತೀಯ ಮೂಲದವಳೆಂದು ಅಭಿಮಾನಿಗಳು ಬಹುಕಾಲದಿಂದ ಗುರುತಿಸುತ್ತ ಬಂದಿದ್ದಾರೆ. ಮಾತಿಲ್ಲದೆ ಪರಸ್ಪರರನ್ನು ಅರಿಯಬಲ್ಲ ‘ನ್ಯೂಟೈಪ್’ ಮನುಷ್ಯರ ಕಲ್ಪನೆ ಸರಣಿಯಲ್ಲಿ ಅತ್ಯಂತ ತೀವ್ರವಾಗಿ ಮೂಡುವುದು ಅವಳ ಮೂಲಕ. ಪೌರಸ್ತ್ಯ ಅಂತರ್ದೃಷ್ಟಿಯ ಹಳೆಯ ಅಚ್ಚಿನಲ್ಲಿ ಅವಳನ್ನು ಎರಕ ಹೊಯ್ದಿದ್ದಾರೆಂಬ ಆಕ್ಷೇಪವೂ ಇದೆ, ಮತ್ತು ಅದು ತಪ್ಪೆಂದು ನನಗೆ ಅನಿಸುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಒಂದೇ ಕಾಲಗಣನೆಯೊಳಗಿನ ಮಾತು. 1994ರಲ್ಲಿ ಬಂದಾಯ್ ಸಮೂಹ ಸನ್‌ರೈಸ್ ಸ್ಟುಡಿಯೊವನ್ನು ತನ್ನದಾಗಿಸಿಕೊಂಡಿತು; ಅದೇ ವರ್ಷ ಯೂಸಿಗೆ ಸಂಬಂಧವೇ ಇಲ್ಲದ ಮೊದಲ ಸರಣಿ ‘ಜಿ ಗಂಡಮ್’ ಬಂತು. ನಾಲ್ಕು ವರ್ಷಗಳಿಗೊಮ್ಮೆ ದೇಶಗಳು ತಂತಮ್ಮ ಗಂಡಮ್‌ಗಳನ್ನು ಕುಸ್ತಿಗೆ ಕಳಿಸುತ್ತವೆ, ಗೆದ್ದ ದೇಶ ಆಳುತ್ತದೆ ಎಂಬುದು ಅದರ ಕಥೆ. ನೆದರ್ಲೆಂಡ್ಸ್‌ನದು ಗಾಳಿಗಿರಣಿಯ ಆಕಾರದ ಗಂಡಮ್, ಭಾರತದ್ದು ಹೆಡೆಯೆತ್ತಿದ ನಾಗರಹಾವಿನ ಗಂಡಮ್. ‘ಇದು ಗಂಡಮ್ ಅಲ್ಲ’ ಎಂಬ ಉದ್ಗಾರ ಅಂದಿನಷ್ಟು ಗಟ್ಟಿಯಾಗಿ ಹಿಂದೆಂದೂ ಕೇಳಿರಲಿಲ್ಲ. ಮರುವರ್ಷದ ‘ಗಂಡಮ್ ವಿಂಗ್’ನ ಐವರು ಸುಂದರ ತರುಣರು ಮಹಿಳಾ ಅಭಿಮಾನಿಗಳ ದೊಡ್ಡ ಸಮೂಹವನ್ನೇ ತಂದರು, ಮತ್ತು 2000ನೇ ಇಸವಿಯಲ್ಲಿ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪ್ರಸಾರವಾದಾಗ ಆ ದೇಶದ ಒಂದು ಪೀಳಿಗೆಗೆ ಅದೇ ಮೊದಲ ಗಂಡಮ್ ಆಯಿತು. ಆ ಪೀಳಿಗೆಯವರಿಗೆ ಯೂಸಿ ಎಂಬುದು ಆಮೇಲೆ ಹಿಂದಕ್ಕೆ ಹೋಗಿ ಕಲಿತ ಇತಿಹಾಸಪಾಠ.

1999ರಲ್ಲಿ ತೊಮಿನೊ ಮರಳಿ ಬಂದು ‘ಟರ್ನ್ ಎ ಗಂಡಮ್’ ಮಾಡಿದರು. ಅಮೆರಿಕದ ವಿನ್ಯಾಸಕ ಸಿಡ್ ಮೀಡ್ ರೂಪಿಸಿದ, ಮೀಸೆಯಂಥ ಕೊಂಬುಗಳ ಆ ಯಂತ್ರವನ್ನು ನೋಡಿಯೇ ಬಹಳಷ್ಟು ಜನ ಮುಖ ತಿರುಗಿಸಿದರು. ಉಳಿದವರಿಗೆ ಸಿಕ್ಕಿದ್ದು ಇಡೀ ಕೃತಿಮಾಲೆಯಲ್ಲೇ ಅತ್ಯಂತ ಪ್ರಶಾಂತವಾದ ಕಥೆ. ನಾಗರಿಕತೆ ಅಳಿದು ಮತ್ತೆ ಕುದುರೆಗಾಡಿ, ಗೋಧಿಹೊಲಗಳ ಕಾಲ ಬಂದಿದೆ, ಮತ್ತು ಮಣ್ಣಿನಡಿಯಿಂದ ಅಗೆದು ತೆಗೆದ ದಾಖಲೆಗಳಲ್ಲಿ ಹಿಂದಿನ ಯುದ್ಧಗಳೆಲ್ಲ, ಅಂದರೆ ಯೂಸಿಯೂ, ಜಿ, ವಿಂಗ್ ಮೊದಲಾದವುಗಳೂ, ‘ಕಪ್ಪು ಚರಿತ್ರೆ’ ಎಂಬ ಹೆಸರಿನಲ್ಲಿ ಒಟ್ಟಿಗೇ ಇವೆ. ಯಾವುದನ್ನೂ ಹೊರಹಾಕದೆ ಎಲ್ಲವನ್ನೂ ಮರೆತುಹೋದ ಗತಕಾಲವಾಗಿ ಒಪ್ಪಿಕೊಳ್ಳುವ ಈ ಪರಿಹಾರ ನನಗೆ ಅತ್ಯಂತ ಉದಾರವಾದದ್ದಾಗಿ ಕಾಣುತ್ತದೆ. ಜಗಳ ಮಾತ್ರ ನಿಲ್ಲಲಿಲ್ಲ. ಟರ್ನ್ ಎ ನಂತರ ತಯಾರಾದ ಸರಣಿಗಳೂ ಆ ಕಪ್ಪು ಚರಿತ್ರೆಯಲ್ಲಿ ಸೇರಿವೆಯೇ ಎಂಬ ಹೊಸ ಪ್ರಶ್ನೆ ಹುಟ್ಟಿಕೊಂಡಿತು. 2014ರಲ್ಲಿ ತೊಮಿನೊ ಮಾಡಿದ ‘ಜಿ ನೋ ರೆಕನ್‌ಗಿಸ್ತಾ’ ಟರ್ನ್ ಎಗಿಂತ ಮೊದಲಿನ ಕಾಲದ್ದೆಂದು ಅನೇಕರು ಎಣಿಸಿದ್ದರೆ, ಅದು ಟರ್ನ್ ಎ ನಂತರದ್ದೆಂದು ಸ್ವತಃ ತೊಮಿನೊ ಹೇಳಿ ಇನ್ನೊಂದು ಸುತ್ತಿಗೆ ಚಾಲನೆ ಕೊಟ್ಟರು.

ನಮ್ಮಲ್ಲಿ ಮಹಾಭಾರತದ ಕಥೆಯನ್ನು ಪಂಪ ಒಂದು ಬಗೆಯಲ್ಲಿ ಹೇಳಿದ, ರನ್ನ ಇನ್ನೊಂದು ಬಗೆಯಲ್ಲಿ, ಕುಮಾರವ್ಯಾಸ ಮತ್ತೊಂದು ಬಗೆಯಲ್ಲಿ. ಪಂಪನಲ್ಲಿ ದ್ರೌಪದಿಗೆ ಅರ್ಜುನನೊಬ್ಬನೇ ಗಂಡ ಎಂಬ ಕಾರಣಕ್ಕೆ ಯಾರೂ ಅದನ್ನು ಅನಧಿಕೃತವೆಂದು ಬದಿಗಿಡಲಿಲ್ಲ. ಗಂಡಮ್ ಅಭಿಮಾನಿಗಳಿಗೂ ಈ ಸಮಾಧಾನ ಏಕಿಲ್ಲ ಎಂದು ಕೇಳಬಹುದು. ಭಾರತಕ್ಕೆ ಒಡೆಯರಿಲ್ಲ, ಗಂಡಮ್‌ಗೆ ಒಬ್ಬ ಒಡೆಯ ಇದ್ದಾನೆ, ಮತ್ತು ತೀರ್ಪು ಕೊಡಬಲ್ಲ ಆ ಒಡೆಯ ಬಹುತೇಕ ಸಂದರ್ಭಗಳಲ್ಲಿ ಬಾಯಿ ಬಿಡುವುದಿಲ್ಲ. ಬಂದಾಯ್ ನಾಮ್ಕೊ ಸಮೂಹಕ್ಕೆ ಗಂಡಮ್ ಒಂದರಿಂದಲೇ ಇತ್ತೀಚಿನ ವರ್ಷಗಳಲ್ಲಿ ಹತ್ತು ಸಾವಿರ ಕೋಟಿ ಯೆನ್‌ಗೂ ಮೀರಿದ ವಾರ್ಷಿಕ ವಹಿವಾಟು ಇದೆ. ಕೋರ್ ಬೂಸ್ಟರ್ ಮತ್ತು ಜಿ-ಆರ್ಮರ್ ಎರಡರ ಮಾಡೆಲ್‌ಗಳನ್ನೂ ಮಾರಬಹುದಾಗಿರುವಾಗ, ಒಂದನ್ನು ಸುಳ್ಳೆಂದು ಸಾರುವುದರಿಂದ ಅದಕ್ಕೆ ಲಾಭವೇನು?

ಈ ಮೌನದ ಬೆಲೆ ಎಷ್ಟೆಂಬುದು 2023ರಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ವಿಚ್ ಫ್ರಮ್ ಮರ್ಕ್ಯುರಿ’ ದೂರದರ್ಶನದ ಗಂಡಮ್ ಸರಣಿಗಳಲ್ಲಿ ಹುಡುಗಿಯೊಬ್ಬಳು ಪ್ರಧಾನ ಪಾತ್ರವಾದ ಮೊದಲನೆಯದು. ಸುಲೆತ್ತಾ ಎಂಬ ಆ ಹುಡುಗಿ ಮತ್ತು ಮಿಯೊರಿನೆ ಎಂಬ ಇನ್ನೊಬ್ಬ ಹುಡುಗಿ ಮೊದಲ ಕಂತಿನಲ್ಲೇ ನಿಶ್ಚಿತ ವಧೂವರರ ಸ್ಥಾನಕ್ಕೆ ಬರುತ್ತಾರೆ. 2023ರ ಜುಲೈನಲ್ಲಿ ಮುಗಿದ ಕೊನೆಯ ಕಂತಿನಲ್ಲಿ ಇಬ್ಬರ ಬೆರಳಲ್ಲೂ ಉಂಗುರಗಳಿವೆ. ಕೆಲವೇ ವಾರಗಳಲ್ಲಿ ‘ಗಂಡಮ್ ಏಸ್’ ಪತ್ರಿಕೆಯ ಸಂದರ್ಶನವೊಂದರಲ್ಲಿ ಇಬ್ಬರೂ ಮದುವೆಯಾದರೆಂಬ ಮಾತು ಅಚ್ಚಾಯಿತು. ಡಿಜಿಟಲ್ ಆವೃತ್ತಿಯಲ್ಲಿ ಆ ಪದ ಮಾಯವಾಗಿತ್ತು. ಅಭಿಮಾನಿಗಳು ಪ್ರಶ್ನಿಸಿದಾಗ, ಅದರ ವ್ಯಾಖ್ಯಾನವನ್ನು ವೀಕ್ಷಕರಿಗೇ ಬಿಟ್ಟಿದ್ದೇವೆ ಎಂಬರ್ಥದ ಹೇಳಿಕೆಯನ್ನು ನಿರ್ಮಾಣ ಸಂಸ್ಥೆ ಹೊರಡಿಸಿತು. ಯಂತ್ರಗಳ ಮಾದರಿ ಸಂಖ್ಯೆಯ ವಿಷಯದಲ್ಲಿ ಈ ಉತ್ತರ ನಿರುಪದ್ರವಿ. ಇಲ್ಲಿ ಹಾಗಲ್ಲ, ಹುಡುಗ ಹುಡುಗಿಯರ ಕೈಯಲ್ಲಿ ಉಂಗುರವಿದ್ದಿದ್ದರೆ ವ್ಯಾಖ್ಯಾನದ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂದು ಅಭಿಮಾನಿಗಳು ಸಿಟ್ಟಾದುದರಲ್ಲಿ ನನಗೆ ಅತಿರೇಕವೇನೂ ಕಾಣಿಸಲಿಲ್ಲ.

ಉಳಿದ ಸರಣಿಗಳ ಜಗಳಗಳು ಸಣ್ಣವು, ಅಥವಾ ಕಾಲ ಅವುಗಳನ್ನು ಸಣ್ಣದಾಗಿಸಿದೆ. 2002ರ ‘ಸೀಡ್’ ಮೂಲ ಸರಣಿಯ ನಕಲೆಂದೂ, 2004ರ ಅದರ ಮುಂದುವರಿಕೆ ತನ್ನ ಹೊಸ ನಾಯಕ ಶಿನ್‌ನನ್ನು ನಡುದಾರಿಯಲ್ಲಿ ಬಿಟ್ಟು ಹಳೆಯ ನಾಯಕ ಕಿರಾನ ಬೆನ್ನು ಹತ್ತಿತೆಂದೂ ವರ್ಷಗಟ್ಟಲೆ ಬೈಸಿಕೊಂಡವು. 2024ರ ಜನವರಿಯಲ್ಲಿ ಬಂದ ‘ಸೀಡ್ ಫ್ರೀಡಂ’ ಜಪಾನಿನಲ್ಲಿ 500 ಕೋಟಿ ಯೆನ್ ದಾಟಿ, ಗಂಡಮ್ ಚಲನಚಿತ್ರಗಳಲ್ಲೇ ಅತಿ ಹೆಚ್ಚು ಗಳಿಸಿದ್ದೆನಿಸಿತು. ಬೈದವರೂ ಟಿಕೆಟ್ ಕೊಂಡರು ಎಂದೇ ಇದರ ಅರ್ಥ.

ಈ ಹಿನ್ನೆಲೆಯಲ್ಲಿ ನೋಡಿದರೆ ಜೀಕ್ವಾಕ್ಸ್ ಎಬ್ಬಿಸಿದ ಗದ್ದಲ ಅರ್ಥವಾಗುತ್ತದೆ. ಅಲ್ಲಿಯವರೆಗೆ ಯೂಸಿಯ ಒಳಗೆ ಖಾಲಿ ಜಾಗಗಳನ್ನು ತುಂಬುವುದಕ್ಕೆ ಅವಕಾಶವಿತ್ತು, ಹೊರಗೆ ಬೇರೆ ಕಾಲಗಣನೆಗಳನ್ನು ಕಟ್ಟುವುದಕ್ಕೂ ಅವಕಾಶವಿತ್ತು. ಮೂಲ ಯುದ್ಧದ ಫಲಿತಾಂಶವನ್ನು ದೂರದರ್ಶನದ ಯಾವ ಸರಣಿಯೂ ಮುಟ್ಟಿರಲಿಲ್ಲ. ‘ಇವಾಂಗೆಲಿಯನ್’ ಎಂಬ ಇನ್ನೊಂದು ಪ್ರಸಿದ್ಧ ಅನಿಮೇಷನ್ ಸರಣಿಯ ಬಳಗದ ಕಾಜುಯಾ ತ್ಸುರುಮಾಕಿ ನಿರ್ದೇಶಿಸಿದ, ಹಿದೆಯಾಕಿ ಆನ್ನೊ ಬರವಣಿಗೆಯಲ್ಲಿ ಕೈಜೋಡಿಸಿದ ಈ ಸರಣಿ 2025ರ ಏಪ್ರಿಲ್‌ನಿಂದ ಜೂನ್‌ವರೆಗೆ 12 ಕಂತುಗಳಲ್ಲಿ ಪ್ರಸಾರವಾಯಿತು. ಮೂಲವನ್ನು ನೋಡುತ್ತ ಬೆಳೆದ ಪೀಳಿಗೆಯವರು, ಒಡೆಯರ ಒಪ್ಪಿಗೆಯೊಂದಿಗೇ, ಅಭಿಮಾನಿಯ ‘ಹೀಗಾಗಿದ್ದರೆ?’ ಎಂಬ ಕಲ್ಪನೆಗೆ ಕೋಟ್ಯಂತರ ಯೆನ್ ಸುರಿದು ಜೀವ ಕೊಟ್ಟಂತಾಯಿತು. ಕೊನೆಯ ಕಂತುಗಳಲ್ಲಿ ಅನೇಕ ಲೋಕಗಳಿವೆಯೆಂದೂ, ಶಾರ್‌ನನ್ನು ಉಳಿಸಿಕೊಳ್ಳಲಾಗದ ಬೇರೊಂದು ಲೋಕದ ಲಾಲಾ ಇವುಗಳ ಹಿಂದಿದ್ದಾಳೆಂದೂ ತಿಳಿಯುತ್ತದೆ. ಮೂಲವೂ ಆ ಅನೇಕಗಳಲ್ಲಿ ಒಂದೇ ಹೊರತು ಅಳತೆಗೋಲಲ್ಲ ಎಂದಾಗುವುದೇ ಹಳಬರಿಗೆ ನುಂಗಲಾಗದ ತುತ್ತು. 43 ಕಂತುಗಳನ್ನು ನೋಡದವರಿಗೆ ಅರ್ಧದಷ್ಟು ಸಂಗತಿ ತಲುಪುವುದಿಲ್ಲ ಎಂಬ ಆಕ್ಷೇಪವೂ ನಿಜ. ಅದನ್ನು ನೋಡಿ ಮೂಲವನ್ನು ಹುಡುಕಿಕೊಂಡು ಹೋದ ಹೊಸಬರಿದ್ದಾರೆ ಎಂಬ ಉತ್ತರವೂ ನಿಜ.

ಹೊಸದಾಗಿ ನೋಡಹೊರಟವರು ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆಗೆ ಅಭಿಮಾನಿಗಳಲ್ಲಿ ಒಮ್ಮತವಿಲ್ಲದಿರುವುದಕ್ಕೂ ಕಾರಣ ಇದೇ: ಎಲ್ಲಿಂದ ಪ್ರವೇಶಿಸುತ್ತೀರಿ ಎಂಬುದರ ಮೇಲೆ ನೀವು ಯಾವ ಪಕ್ಷದವರಾಗುತ್ತೀರಿ ಎಂಬುದು ಬಹುಮಟ್ಟಿಗೆ ನಿಂತಿದೆ. ನನ್ನ ಸಲಹೆ ಕೇಳಿದರೆ, 1981–82ರ ಮೂರು ಚಲನಚಿತ್ರಗಳಿಂದ ಆರಂಭಿಸಿ; ಅವುಗಳ ಚಿತ್ರಣ ಹಳೆಯದೆನಿಸಿದರೆ 1989ರ ಆರು ಕಂತುಗಳನ್ನು ನೋಡಿ; ಅದೂ ಬೇಡವೆಂದರೆ ಹಿಂದಿನ ಯಾವ ಕಥೆಯ ಪರಿಚಯವನ್ನೂ ಬೇಡದ ‘ವಿಚ್ ಫ್ರಮ್ ಮರ್ಕ್ಯುರಿ’ ಇದೆ. ಚಲನಚಿತ್ರಗಳನ್ನೇ ಆರಿಸಿಕೊಂಡರೆ ಜಿ-ಆರ್ಮರ್ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಅದು ಹಾರಿತ್ತೆಂದು ಪಟ್ಟು ಹಿಡಿಯುವವರು ಮುಂದೆ ಸಿಕ್ಕೇ ಸಿಗುತ್ತಾರೆ.